ಧ್ವನಿವರ್ಧಕಕ್ಕೆ ಎಷ್ಟು ಕಂಠ?

ಕೆಲವು ವರ್ಷಗಳ ಹಿಂದೆ ನಮ್ಮ ಪ್ರೌಢಶಾಲೆಯ ವಾರ್ಷಿಕೋತ್ಸವದಲ್ಲಿ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಕುಮಾರವ್ಯಾಸ ಭಾರತದ ಕೆಲವು ಪದ್ಯಗಳನ್ನು ಗಮಕದಲ್ಲಿ ವಾಚಿಸಿದಳು. ಅಲ್ಪಪ್ರಾಣ ಮಹಾಪ್ರಾಣಗಳು ತಪ್ಪದಂತೆ, ಸಕಾರ ಶಕಾರಗಳು ಕಲೆಯದಂತೆ ಮೂರು ತಿಂಗಳ ಕಾಲ ನಾನೇ ಕುಳಿತು ಹೇಳಿಕೊಟ್ಟಿದ್ದೆ. ಆ ವರ್ಷ ಧ್ವನಿವರ್ಧಕದ ಏರ್ಪಾಟು ಬಲು ಜೋರಾಗಿತ್ತು. ವೇದಿಕೆಯ ಎರಡು ಪಕ್ಕದಲ್ಲೂ ಎರಡೆರಡು ಪೆಟ್ಟಿಗೆಗಳು. ಚಪ್ಪರದ ನಡುವೆ ಮತ್ತೆರಡು. ಒಂದೊಂದು ಪೆಟ್ಟಿಗೆಯಲ್ಲಿಯೂ ಮೂರು ಮೂರು ಸ್ಪೀಕರುಗಳು. ಒಟ್ಟು ಹದಿನೆಂಟು! ನೋಡಿದವರೆಲ್ಲ ಎಣಿಸಿ ತಲೆದೂಗಿದರು. ವಾಚನ ಮುಗಿದ ಮೇಲೆ, ಹಿಂದಿನ ಸಾಲಿನಲ್ಲಿ ಕುಳಿತಿದ್ದ ಹುಡುಗಿಯ ಅಜ್ಜಿ ನನ್ನ ಬಳಿಗೆ ಬಂದು, “ಮೇಷ್ಟ್ರೇ, ಸದ್ದು ಬೇಕಾದಷ್ಟು ಬಂತು. ಆದರೆ ನಮ್ಮ ಹುಡುಗಿ ಓದಿದ್ದೇನು ಅಂತ ಒಂದು ಮಾತೂ ತಿಳೀಲಿಲ್ಲವಲ್ಲ” ಎಂದರು.

ಮಾತು ಚಿಕ್ಕದು. ಆದರೆ ಧ್ವನಿವರ್ಧಕದ ನೂರು ವರ್ಷಗಳ ಚರಿತ್ರೆಯಲ್ಲಿ ಮತ್ತೆ ಮತ್ತೆ ತಲೆಯೆತ್ತಿದ ಪ್ರಶ್ನೆಯೇ ಅದರಲ್ಲಿ ಅಡಗಿದೆ. ನಾದ ಹೊರಡಿಸುವ ಅಂಗಗಳನ್ನು ಹೆಚ್ಚಿಸಿದ ಮಾತ್ರಕ್ಕೆ ನಾದ ಹೆಚ್ಚು ಚೆನ್ನಾಗುವುದೆ? ಒಂದಿದ್ದರೆ ಸಾಲದೆ? ಹಲವಿದ್ದರೆ ಬರುವ ತೊಡಕೇನು? ಅಂದಿನಿಂದ ನಾನು ಓದಿ, ಬಲ್ಲವರನ್ನು ಕೇಳಿ ತಿಳಿದುಕೊಂಡದ್ದನ್ನು ವಾಚಕರ ಮುಂದೆ ಇಡುತ್ತಿದ್ದೇನೆ.

ಮೊದಲು ಹೆಸರುಗಳ ವಿಚಾರ. ನಾವು ಸ್ಪೀಕರ್ ಎಂದು ತೋರಿಸುವುದು ಸಾಮಾನ್ಯವಾಗಿ ಮರದ ಪೆಟ್ಟಿಗೆಯನ್ನು. ಅದರೊಳಗೆ ನಿಜವಾಗಿ ಅಲುಗಾಡಿ ಗಾಳಿಯನ್ನು ತಳ್ಳುವ ಅಂಗಕ್ಕೆ ಕುಶಲರು ಡ್ರೈವರ್ ಎನ್ನುತ್ತಾರೆ. ಒಂದು ಅಯಸ್ಕಾಂತ, ಅದರ ಸಂದಿಯಲ್ಲಿ ಒಂದು ತಂತಿಯ ಸುರುಳಿ, ಸುರುಳಿಗೆ ಅಂಟಿಸಿದ ಕಾಗದದ ಶಂಕು – ಅದರ ಸ್ವರೂಪ ಇಷ್ಟೆ. ವಿದ್ಯುತ್ತು ಸುರುಳಿಯಲ್ಲಿ ಹರಿದಂತೆಲ್ಲ ಶಂಕು ಮುಂದಕ್ಕೂ ಹಿಂದಕ್ಕೂ ಓಲಾಡುತ್ತದೆ. ಈ ಲೇಖನದಲ್ಲಿ ಅದನ್ನು ನಾನು ‘ಕಂಠ’ ಎಂದು ಕರೆಯುತ್ತೇನೆ. ತಗ್ಗು ಸ್ವರಗಳ ದೊಡ್ಡ ಕಂಠಕ್ಕೆ ವೂಫರ್ ಎಂದೂ ಮೇಲಿನ ಸ್ವರಗಳ ಪುಟ್ಟ ಕಂಠಕ್ಕೆ ಟ್ವೀಟರ್ ಎಂದೂ ಇಂಗ್ಲಿಷಿನಲ್ಲಿ ಹೆಸರು. ಒಂದು ನಾಯಿಯ ಬೊಗಳು, ಇನ್ನೊಂದು ಹಕ್ಕಿಯ ಉಲಿ. ಅಂದರೆ ನಮ್ಮ ವ್ಯಾಕರಣದ ಅನುಕರಣಾವ್ಯಯಗಳ ಜಾತಿಗೇ ಸೇರಿದ ಶಬ್ದಗಳು!

ಧ್ವನಿವರ್ಧಕ ಹುಟ್ಟಿದ್ದು ಏಕಕಂಠಿಯಾಗಿ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಪೀಟರ್ ಜೆನ್ಸೆನ್ ಮತ್ತು ಎಡ್ವಿನ್ ಪ್ರಿಡಮ್ ಎಂಬವರು 1915ರಲ್ಲಿ ಸುರುಳಿಯ ಕಂಠಕ್ಕೆ ಕಹಳೆಯನ್ನು ಜೋಡಿಸಿ, ಮನುಷ್ಯನ ಮಾತನ್ನು ಬಯಲಿನಲ್ಲಿ ನೆರೆದ ಜನಸಮೂಹಕ್ಕೆ ಕೇಳಿಸಿದರು. 1919ರ ಸೆಪ್ಟೆಂಬರಿನಲ್ಲಿ ಅಧ್ಯಕ್ಷ ವುಡ್ರೋ ವಿಲ್ಸನ್ನರು ಸ್ಯಾನ್ ಡಿಯಾಗೋ ನಗರದ ಕ್ರೀಡಾಂಗಣದಲ್ಲಿ ಗಾಜಿನ ಕೋಣೆಯೊಂದರೊಳಗೆ ನಿಂತು, ಸಾವಿರಾರು ಜನರನ್ನು ಕುರಿತು ಇಂಥ ಸಾಧನದ ಮೂಲಕವೇ ಭಾಷಣ ಮಾಡಿದರು. ಕಹಳೆಯ ಧ್ವನಿ ದೂರ ಹೋಗುತ್ತಿತ್ತು, ನಿಜ. ಆದರೆ ಮೂಗಿನಲ್ಲಿ ಮಾತನಾಡಿದಂತಿರುತ್ತಿತ್ತು.

ಅದಕ್ಕೆ ಪರಿಹಾರ ದೊರೆತದ್ದು 1925ರಲ್ಲಿ. ಜನರಲ್ ಎಲೆಕ್ಟ್ರಿಕ್ ಸಂಸ್ಥೆಯ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲಾಗ್ ಕಹಳೆಯನ್ನು ಕಿತ್ತುಹಾಕಿ, ಸುಮಾರು 6 ಅಂಗುಲದ ಕಾಗದದ ಶಂಕುವನ್ನು ಅಗಲವಾದ ಹಲಗೆಯ ರಂಧ್ರಕ್ಕೆ ಕೂರಿಸಿ, ನೇರವಾಗಿ ಗಾಳಿಯನ್ನು ಅಲುಗಿಸಿದರು. ಇಂದಿಗೂ ರೇಡಿಯೋದಲ್ಲಿ, ದೂರದರ್ಶನದ ಪೆಟ್ಟಿಗೆಯಲ್ಲಿ ಕೆಲಸ ಮಾಡುವ ಕಂಠಗಳಲ್ಲಿ ಬಹುಪಾಲು ಅದರ ವಂಶದವೇ. 1935ರಲ್ಲಿ ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನಲ್ಲಿ ಆಕಾಶವಾಣಿಯನ್ನು ಆರಂಭಿಸಿದ ಕಾಲದಲ್ಲಿ ಮನೆಯ ರೇಡಿಯೋಗಳಿಗೆ ಸಾಮಾನ್ಯವಾಗಿ ಇದ್ದುದು ಇಂಥ ಒಂದೇ ಕಂಠ. ಅದು ಕೊರತೆಯೆನಿಸಲಿಲ್ಲ. ಮಧ್ಯಮ ತರಂಗದ ಪ್ರಸಾರದಲ್ಲಿ ಬಹಳ ಮೇಲಿನ ಸ್ವರಗಳು ಬರುವುದೇ ಇಲ್ಲ. ಕಳಿಸುವ ಕಡೆ ಇಲ್ಲದ್ದನ್ನು ಕೇಳಿಸುವ ಕಡೆ ತರುವುದೆಂತು?

ಹಾಗಾದರೆ ಒಂದು ಕಂಠ ಎಲ್ಲಿ ಸಾಲದಾಯಿತು? ಇದನ್ನು ತಿಳಿಯಲು ಸ್ವಲ್ಪ ಲೆಕ್ಕ ಬೇಕು, ವಾಚಕರು ಬೇಸರಿಸಬಾರದು. ನಾದ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರು ಸಂಚರಿಸುತ್ತದೆ. ಸೆಕೆಂಡಿಗೆ 50 ಸಲ ಕಂಪಿಸುವ ತಗ್ಗು ನಾದದ ಒಂದು ಅಲೆಯ ಉದ್ದ ಸುಮಾರು 7 ಮೀಟರು. 10,000 ಸಲ ಕಂಪಿಸುವ ಎತ್ತರದ ನಾದದ ಅಲೆ ಮೂರೂವರೆ ಸೆಂಟಿಮೀಟರು ಮಾತ್ರ. ತಗ್ಗು ನಾದಕ್ಕೆ ಬಹಳ ಗಾಳಿಯನ್ನು ತಳ್ಳಬೇಕು. ನಾದ ಒಂದು ಸ್ಥಾಯಿ ಕೆಳಗಿಳಿದರೆ, ಅಷ್ಟೇ ಬಲವಾಗಿ ಕೇಳಿಸಲು ಅದೇ ಶಂಕು ನಾಲ್ಕು ಪಟ್ಟು ದೂರ ಓಲಾಡಬೇಕಾಗುತ್ತದೆ. ಆದ್ದರಿಂದ ಶಂಕು ದೊಡ್ಡದಿರಬೇಕು. ಎತ್ತರದ ನಾದಕ್ಕಾದರೋ ಶಂಕು ಹಗುರವೂ ಚಿಕ್ಕದೂ ಆಗಿರಬೇಕು. ಅಲೆಗಿಂತ ಶಂಕು ಅಗಲವಾದರೆ ನಾದ ಎಲ್ಲ ಕಡೆಗೂ ಹರಡದೆ ಬ್ಯಾಟರಿ ದೀಪದ ಬೆಳಕಿನಂತೆ ನೇರ ಮುಂದಕ್ಕೆ ಮಾತ್ರ ಹೋಗುತ್ತದೆ. ಎದುರಿಗೆ ಕುಳಿತವನಿಗೆ ಸ್ಪಷ್ಟ, ಪಕ್ಕದವನಿಗೆ ಮಸುಕು. ಆನೆಯ ಕೆಲಸವನ್ನೂ ಗುಬ್ಬಿಯ ಕೆಲಸವನ್ನೂ ಒಂದೇ ಪ್ರಾಣಿಯಿಂದ ಮಾಡಿಸಲಾಗುವುದೆ?

ನಮ್ಮ ಭಾಷೆಗೂ ಇದಕ್ಕೂ ಹತ್ತಿರದ ಸಂಬಂಧವುಂಟು. ಸ್ವರಾಕ್ಷರಗಳ ಬಲವೆಲ್ಲ ತಗ್ಗು ಮತ್ತು ನಡು ಸ್ಥಾಯಿಗಳಲ್ಲಿದೆ. ಸ, ಶ, ಷ ಮುಂತಾದ ಊಷ್ಮಾಕ್ಷರಗಳ ಬಲ ಸೆಕೆಂಡಿಗೆ ಹಲವು ಸಾವಿರ ಕಂಪನಗಳ ಎತ್ತರದಲ್ಲಿದೆ. ಮಾತಿಗೆ ಗಾತ್ರ ಕೊಡುವುದು ಸ್ವರ. ಅರ್ಥ ಕೊಡುವುದು ಬಹುಮಟ್ಟಿಗೆ ವ್ಯಂಜನ. ಹಳೆಯ ಟೆಲಿಫೋನು ಸುಮಾರು 3,400 ಕಂಪನಗಳಿಂದ ಮೇಲಿನದನ್ನು ಸಾಗಿಸುತ್ತಿರಲಿಲ್ಲ. ಹೊಸಬರ ಹೆಸರನ್ನು ಅದರಲ್ಲಿ ಒಂದೊಂದಕ್ಷರವಾಗಿ ಬಿಡಿಸಿ ಹೇಳಬೇಕಾಗುತ್ತಿದ್ದುದನ್ನು ಹಿರಿಯರು ಮರೆತಿರಲಾರರು. ದಪ್ಪ ಕಂಠ ಒಂದೇ ಇದ್ದರೆ ಸದ್ದು ಬರುತ್ತದೆ, ಶಬ್ದ ಬರುವುದಿಲ್ಲ.

ಹೀಗಾಗಿ ಕೆಲಸವನ್ನು ಹಂಚಬೇಕಾಯಿತು. 1933ರ ಏಪ್ರಿಲ್ 27ರಂದು ಬೆಲ್ ಪ್ರಯೋಗಾಲಯದವರು ಒಂದು ದೊಡ್ಡ ಪರೀಕ್ಷೆ ನಡೆಸಿದರು. ವಾದ್ಯವೃಂದ ಫಿಲಡೆಲ್ಫಿಯಾದಲ್ಲಿ ನುಡಿಸುತ್ತಿತ್ತು. ಶ್ರೋತೃಗಳು ವಾಷಿಂಗ್ಟನ್ನಿನ ಸಭಾಂಗಣದಲ್ಲಿ ಕುಳಿತಿದ್ದರು. ನಡುವೆ ಮೂರು ತಂತಿ ಮಾರ್ಗಗಳು. ಬರಿದಾದ ವೇದಿಕೆಯ ಮೇಲೆ ಎಡಕ್ಕೆ, ನಡುವೆ, ಬಲಕ್ಕೆ ಮೂರು ಧ್ವನಿವರ್ಧಕಗಳು. ಪ್ರತಿಯೊಂದರಲ್ಲೂ ತಗ್ಗಿಗೊಂದು ದೊಡ್ಡ ಕಹಳೆ, ಎತ್ತರಕ್ಕೆ ಬೇರೆ ಕಹಳೆಗಳು. ಪ್ರಸಿದ್ಧ ನಿರ್ದೇಶಕ ಲಿಯೊಪೋಲ್ಡ್ ಸ್ಟೊಕೊವ್ಸ್ಕಿ ಅಂದು ವಾದ್ಯವೃಂದದ ಮುಂದಿರಲಿಲ್ಲ. ಅದನ್ನು ಸಹಾಯಕರಿಗೆ ಒಪ್ಪಿಸಿ, ತಾವು ವಾಷಿಂಗ್ಟನ್ನಿನಲ್ಲಿ ಕುಳಿತು ನಾದದ ಪ್ರಮಾಣವನ್ನು ಹದಮಾಡುತ್ತಿದ್ದರು.

ಹಂಚಿಕೆಯಾಯಿತು, ತೊಡಕು ಹುಟ್ಟಿದ್ದು ಅಲ್ಲಿಯೇ. ಹಾಲಿವುಡ್ಡಿನ ಎಂ. ಜಿ. ಎಂ. ಚಿತ್ರಸಂಸ್ಥೆಯ ಧ್ವನಿವಿಭಾಗದ ಮುಖ್ಯಸ್ಥ ಡಗ್ಲಸ್ ಶಿಯರರ್, ಅವರ ಸಹೋದ್ಯೋಗಿ ಜಾನ್ ಹಿಲಿಯರ್ಡ್ ಮುಂತಾದವರು ಚಿತ್ರಮಂದಿರಗಳಿಗೆ ತಕ್ಕ ಧ್ವನಿವರ್ಧಕವನ್ನು ಅರಸುತ್ತಿದ್ದರು. ಎಲಿಯನರ್ ಪೊವೆಲ್ ಎಂಬ ನರ್ತಕಿ ಲೋಹದ ತಳದ ಪಾದರಕ್ಷೆಯಿಂದ ನೆಲವನ್ನು ತಟ್ಟುತ್ತ ಕುಣಿಯುವುದರಲ್ಲಿ ಹೆಸರಾದವಳು. ಆಕೆಯ ಒಂದು ತಟ್ಟು ಬೆಲ್ ಮಾದರಿಯ ಧ್ವನಿವರ್ಧಕದಲ್ಲಿ ಎರಡು ತಟ್ಟಾಗಿ ಕೇಳಿಸಿತಂತೆ! ಕಾರಣವಿಷ್ಟೆ: ತಗ್ಗು ನಾದದ ಕಹಳೆ ಬಹಳ ಉದ್ದ, ಎತ್ತರದ್ದು ಗಿಡ್ಡ. ಒಂದೇ ಕ್ಷಣದಲ್ಲಿ ಹೊರಟ ನಾದದ ಎರಡು ಭಾಗಗಳು ಹಲವು ಅಡಿಗಳ ಅಂತರದ ಎರಡು ದಾರಿಗಳಲ್ಲಿ ನಡೆದು, ಒಂದರ ಹಿಂದೆ ಒಂದಾಗಿ ಬರುತ್ತಿದ್ದವು. ನಾದ ಒಂದು ಅಡಿ ನಡೆಯಲು ಹೆಚ್ಚು ಕಡಮೆ ಸೆಕೆಂಡಿನ ಸಾವಿರದಲ್ಲೊಂದು ಪಾಲು ಹಿಡಿಯುತ್ತದೆ. ಇಷ್ಟು ಸ್ವಲ್ಪವನ್ನೂ ನಮ್ಮ ಕಿವಿ ಕಂಡುಹಿಡಿಯಿತು. ಶಿಯರರ್ ತಂಡದವರು ಎರಡು ದಾರಿಗಳನ್ನೂ ಸಮೀಪಕ್ಕೆ ತಂದು ಹೊಸ ಧ್ವನಿವರ್ಧಕವನ್ನು ರಚಿಸಿದರು; 1936ನೆಯ ಸಾಲಿನ ಅಕಾಡೆಮಿ ತಾಂತ್ರಿಕ ಪ್ರಶಸ್ತಿ ಅದಕ್ಕೆ ಸಂದಿತು.

ಈ ಕಥೆಯನ್ನು ಓದಿದಾಗ ನನಗೆ ನೆನಪಾದದ್ದು ಕೇಶಿರಾಜನ ಸಂಧಿಪ್ರಕರಣ. ಎರಡು ಪದಗಳು ಸೇರುವೆಡೆ ಸುಮ್ಮನಿರುವುದಿಲ್ಲ. ‘ಊರು’ ‘ಅಲ್ಲಿ’ ಸೇರಿ ‘ಊರಲ್ಲಿ’ ಆದಾಗ ಉಕಾರ ಲೋಪವಾಯಿತು. ‘ಮನೆಯಲ್ಲಿ’ ಎನ್ನುವಾಗ ಯಕಾರ ಆಗಮವಾಯಿತು. ‘ಮಳೆಗಾಲ’ದಲ್ಲಿ ಕಕಾರಕ್ಕೆ ಗಕಾರ ಆದೇಶವಾಯಿತು. ಎರಡು ಕಂಠಗಳ ನಡುವೆ ಕೆಲಸವನ್ನು ಹಂಚುವ ವಿದ್ಯುತ್ ಜಾಲಕ್ಕೆ ಕ್ರಾಸ್‌ಓವರ್ ಎಂದು ಹೆಸರು. ಅಲ್ಲಿಯೂ ಇದೇ ನ್ಯಾಯ. ಕೂಡುವ ಸ್ವರದಲ್ಲಿ ಒಂದು ಕಂಠ ಗಾಳಿಯನ್ನು ತಳ್ಳುವಾಗ ಇನ್ನೊಂದು ಎಳೆದರೆ ಎರಡೂ ಪರಸ್ಪರ ಅಳಿಸಿಕೊಳ್ಳುತ್ತವೆ; ಅದು ಲೋಪ. ಎರಡೂ ಹದ ಮೀರಿ ಒಟ್ಟಿಗೆ ತಳ್ಳಿದರೆ ಇಲ್ಲದ ಉಬ್ಬು ಬರುತ್ತದೆ; ಅದು ಆಗಮ. ಎರಡು ಕಂಠಗಳ ಗುಣವೇ ಬೇರೆಯಾದರೆ ಹಾಡುಗಾರನ ದನಿ ಮೇಲೇರುತ್ತ ಹೋದಂತೆ ಬೇರೊಬ್ಬನ ದನಿಯಾಗಿಬಿಡುತ್ತದೆ, ಅದೇ ಆದೇಶ. ಭಾಷೆಯಲ್ಲಿ ಸಂಧಿ ಶೋಭೆ. ಧ್ವನಿವರ್ಧಕದಲ್ಲಿ ಸಂಧಿ ಕೇಳಿಸಬಾರದು.

ಮುಂದಿನ ಚರಿತ್ರೆಯೆಲ್ಲ ಈ ಸಂಧಿಯನ್ನು ಮರೆಸುವ ಪ್ರಯತ್ನಗಳ ಚರಿತ್ರೆ. 1947ರಲ್ಲಿ ಇಂಗ್ಲೆಂಡಿನ ಟ್ಯಾನಾಯ್ ಸಂಸ್ಥೆ ಎತ್ತರದ ಕಂಠವನ್ನು ದೊಡ್ಡ ಶಂಕುವಿನ ನಡುವೆಯೇ ಅಡಗಿಸಿ, ಎರಡೂ ಒಂದೇ ಅಕ್ಷದಿಂದ ಹಾಡುವಂತೆ ಮಾಡಿತು. ಅಮೆರಿಕದ ಎಡ್ಗರ್ ವಿಲ್ಚರ್ 1954ರಲ್ಲಿ, ಬಿಗಿಯಾಗಿ ಮುಚ್ಚಿದ ಪೆಟ್ಟಿಗೆಯ ಗಾಳಿಯನ್ನೇ ಸ್ಪ್ರಿಂಗಿನಂತೆ ಬಳಸಿಕೊಂಡು, ಪುಸ್ತಕದ ಕಪಾಟಿನಲ್ಲಿ ಹಿಡಿಸುವ ಪೆಟ್ಟಿಗೆಯಿಂದ ಗಂಭೀರವಾದ ತಗ್ಗು ನಾದವನ್ನು ಹೊರಡಿಸಿದರು. 1958ರ ಅವರ ಎ.ಆರ್.-3 ಎಂಬ ಮಾದರಿಯಲ್ಲಿ ಮೂರು ಕಂಠಗಳಿದ್ದವು: ತಗ್ಗಿಗೆ 12 ಅಂಗುಲದ ಶಂಕು, ನಡುವಿನದಕ್ಕೆ 2 ಅಂಗುಲದ ಗುಮ್ಮಟ, ಮೇಲಿನದಕ್ಕೆ ಒಂದೂವರೆ ಅಂಗುಲಕ್ಕೂ ಕಿರಿದಾದ ಗುಮ್ಮಟ. ಶಂಕುವಿನ ಬದಲು ಗುಮ್ಮಟವೇಕೆ? ಎತ್ತರದ ನಾದವೂ ಪಕ್ಕಗಳಿಗೆ ಹರಡಲಿ ಎಂದು. ಆ ಸಂಸ್ಥೆಯವರು ಸಭೆಗಳಲ್ಲಿ ನಾಲ್ವರು ವಾದಕರನ್ನು ಕೂರಿಸಿ, ನಡುನಡುವೆ ವಾದನ ನಿಲ್ಲಿಸಿ, ಮೊದಲೇ ಮುದ್ರಿಸಿದ್ದನ್ನು ಧ್ವನಿವರ್ಧಕದಿಂದ ಕೇಳಿಸುತ್ತಿದ್ದರು. ವಾದಕರು ಕಮಾನನ್ನು ಆಡಿಸುವಂತೆ ನಟಿಸುತ್ತಿದ್ದರು. ಎಲ್ಲಿ ನಿಜ ನಿಂತಿತು, ಎಲ್ಲಿ ಯಂತ್ರ ತೊಡಗಿತು ಎಂಬುದು ಅನೇಕರಿಗೆ ಗೊತ್ತಾಗಲಿಲ್ಲ.

ಇದಕ್ಕೆ ನೇರ ವಿರುದ್ಧವಾದ ದಾರಿ ಹಿಡಿದವರು ಅಮರ್ ಬೋಸ್. ಅವರ ತಂದೆ ಬಂಗಾಳದವರು, ಬ್ರಿಟಿಷರ ವಿರುದ್ಧ ಹೋರಾಡಿ ಅಮೆರಿಕಕ್ಕೆ ಹೋಗಿ ನೆಲಸಿದವರು. ಮಗ ಮ್ಯಾಸಚೂಸೆಟ್ಸ್ ತಾಂತ್ರಿಕ ಸಂಸ್ಥೆಯಲ್ಲಿ ಓದುತ್ತಿದ್ದಾಗ, 1956ರಲ್ಲಿ, ಒಳ್ಳೆಯದೆಂದು ಕೊಂಡ ಧ್ವನಿವರ್ಧಕ ಕಿವಿಗೆ ಹಿತವಾಗದೆ ನಿರಾಶರಾದರು. ಮುಂದೆ ಅಲ್ಲಿಯೇ ಪ್ರಾಧ್ಯಾಪಕರಾಗಿ, 1968ರಲ್ಲಿ ಹೊರತಂದ 901 ಎಂಬ ಮಾದರಿಯಲ್ಲಿ ಅವರು ಒಂಬತ್ತು ಕಂಠಗಳನ್ನಿಟ್ಟರು. ಒಂಬತ್ತೂ ಒಂದೇ ಬಗೆಯವು, ನಾಲ್ಕೂವರೆ ಅಂಗುಲದವು. ಒಂದು ಕೇಳುಗನ ಕಡೆಗೆ, ಎಂಟು ಹಿಂದಿನ ಗೋಡೆಯ ಕಡೆಗೆ. ಸಂಗೀತ ಸಭಾಂಗಣದಲ್ಲಿ ನಮ್ಮನ್ನು ಮುಟ್ಟುವ ನಾದದ ಹೆಚ್ಚು ಪಾಲು ಗೋಡೆಗಳಿಂದ ಮರಳಿದ್ದೇ ಎಂಬುದು ಅವರ ವಾದ. ಎಲ್ಲ ಕಂಠಗಳೂ ಎಲ್ಲ ಸ್ವರಗಳನ್ನೂ ಹಾಡುವುದರಿಂದ ಕ್ರಾಸ್‌ಓವರೇ ಬೇಡ. ನಮ್ಮ ವ್ಯಾಕರಣದಲ್ಲಿ ಸಂಧಿಯಾಗದೆ ನಿಲ್ಲುವುದನ್ನು ಪ್ರಕೃತಿಭಾವ ಎನ್ನುತ್ತಾರಲ್ಲವೆ, ಹಾಗೆ! ಅದನ್ನು ಮೆಚ್ಚಿದವರು ಬಹಳ. ಆದರೆ ವಾದ್ಯಗಳ ನಾದ ಒಂದೆಡೆ ನಿಲ್ಲದೆ ಅಲೆದಾಡುತ್ತದೆ ಎಂದು 1970ರಲ್ಲಿ ಗ್ರಾಹಕರ ಪತ್ರಿಕೆಯೊಂದು ಬರೆಯಿತು. ವ್ಯಾಜ್ಯ ಅಮೆರಿಕದ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗಿ, 1984ರಲ್ಲಿ ಪತ್ರಿಕೆಯ ಪರವಾಗಿ ತೀರ್ಪಾಯಿತು. ನಾದ ಎಲ್ಲಿಂದ ಬಂತು ಎಂಬ ಮಾತು ಸರ್ವೋಚ್ಚ ನ್ಯಾಯಾಲಯವನ್ನು ಮುಟ್ಟಿದ ನಿದರ್ಶನ ಅಪರೂಪವೇ ಸರಿ.

ಬಿ. ಬಿ. ಸಿ. ಬಾನುಲಿಯ ಶಿಲ್ಪಿಗಳು ಹಿಡಿದದ್ದು ಮಿತದ ದಾರಿ. ಹೊರಾಂಗಣ ಪ್ರಸಾರದ ವ್ಯಾನುಗಳ ಇಕ್ಕಟ್ಟಿನಲ್ಲಿ ಇಡಲೆಂದು 1970ರ ದಶಕದಲ್ಲಿ ಅವರು ರೂಪಿಸಿದ ಎಲ್.ಎಸ್. 3/5ಎ ಎಂಬುದು ಸುಮಾರು 30 ಸೆಂಟಿಮೀಟರು ಎತ್ತರದ ಪುಟ್ಟ ಪೆಟ್ಟಿಗೆ. ಕಂಠಗಳು ಎರಡೇ; ಆದರೆ ಸಂಧಿಯ ಜಾಲಕ್ಕೆ ಪಟ್ಟ ಶ್ರಮ ಅಪಾರ. ಮನುಷ್ಯನ ಮಾತು ಸಹಜವಾಗಿ ಕೇಳುವುದರಲ್ಲಿ ಅದಕ್ಕೆ ಬಂದ ಹೆಸರು ಇಂದಿಗೂ ಮಾಸಿಲ್ಲ. ಅದೇ ದಶಕದಲ್ಲಿ, 1976ರಲ್ಲಿ, ಸೀಗ್‌ಫ್ರೀಡ್ ಲಿಂಕ್‌ವಿಟ್ಸ್ ಎಂಬ ಶಿಲ್ಪಿ ತಮ್ಮ ಸಹೋದ್ಯೋಗಿ ರಸ್ ರೈಲಿಯವರ ನೆರವಿನಿಂದ ಸಂಧಿಗೊಂದು ಸೂತ್ರವನ್ನೇ ಕೊಟ್ಟರು. ಕೂಡುವ ಸ್ವರದಲ್ಲಿ ಎರಡು ಕಂಠಗಳೂ ಒಂದೇ ಹೆಜ್ಜೆಯಲ್ಲಿ ನಡೆಯಬೇಕು. ಒಂದೊಂದೂ ಅರ್ಧ ಒತ್ತಡವನ್ನು ಮಾತ್ರ ಕೊಡಬೇಕು. ಅರ್ಧಕ್ಕೆ ಅರ್ಧ ಸೇರಿ ಒಂದಾಗಬೇಕು. ಇಂದು ಹಲವಾರು ಧ್ವನಿವರ್ಧಕಗಳು ನಡೆಯುವುದು ಈ ಸೂತ್ರದ ಮೇಲೆ.

ಇಷ್ಟು ಕೋಣೆಯ ಮಾತಾಯಿತು, ಸಭೆಯ ಮಾತೇನು? ಲಂಡನ್ನಿನ ಸೇಂಟ್ ಪಾಲ್ ಮಹಾದೇವಾಲಯದ ಗುಮ್ಮಟದಡಿಯಲ್ಲಿ ಒಂದು ಸದ್ದು ಅಡಗಲು ಹತ್ತು ಸೆಕೆಂಡಿಗೂ ಹೆಚ್ಚು ಹಿಡಿಯುತ್ತದೆ. ಅಲ್ಲಿ ಉಪದೇಶ ಯಾರಿಗೂ ತಿಳಿಯುತ್ತಿರಲಿಲ್ಲ. 1950ರ ದಶಕದ ಆದಿಯಲ್ಲಿ ಪಾರ್ಕಿನ್ ಮತ್ತು ಟೇಲರ್ ಎಂಬವರು ಒಂದೇ ಬಗೆಯ ಹಲವು ಕಂಠಗಳನ್ನು ಕಂಬದಂತೆ ಒಂದರ ಮೇಲೊಂದು ಪೇರಿಸಿದರು. ಹೀಗೆ ಪೇರಿಸಿದಾಗ ನಾದ ಪಕ್ಕಗಳಿಗೆ ಹರಡುತ್ತದೆ, ಮೇಲಕ್ಕೂ ಕೆಳಕ್ಕೂ ಅಷ್ಟಾಗಿ ಹೋಗುವುದಿಲ್ಲ. ಗುಮ್ಮಟಕ್ಕೆ ಏರದೆ ಜನರ ಕಿವಿಗೇ ಹೋಗುತ್ತದೆ. ಇನ್ನೊಂದು ಜಾಣತನವೆಂದರೆ, ದೂರದ ಕಂಬಗಳಿಗೆ ಹೋಗುವ ಮಾತನ್ನು ತಿರುಗುವ ಕಾಂತಚಕ್ರದಲ್ಲಿ ಮುದ್ರಿಸಿ, ಸ್ವಲ್ಪ ತಡಮಾಡಿ ಹೊರಬಿಟ್ಟರು. ಮುಂದಿನ ಮೂಲದಿಂದ ಗಾಳಿಯಲ್ಲಿ ನಡೆದು ಬರುವ ಮಾತೂ ಹತ್ತಿರದ ಕಂಬದ ಮಾತೂ ಜೊತೆಯಾಗಿ ಕಿವಿಯನ್ನು ಸೇರಿದವು. ಜರ್ಮನಿಯ ಹೆಲ್ಮುಟ್ ಹಾಸ್ 1951ರಲ್ಲಿ ಪ್ರಕಟಿಸಿದ ಅಧ್ಯಯನ ಇದರ ಮರ್ಮವನ್ನು ತಿಳಿಸುತ್ತದೆ. ಒಂದೇ ಮಾತು ಎರಡು ಕಡೆಯಿಂದ ಸೆಕೆಂಡಿನ ಸಾವಿರದ ಮೂವತ್ತು ಪಾಲಿನೊಳಗೆ ಬಂದರೆ ಕಿವಿ ಅದನ್ನು ಒಂದೇ ಎಂದು ಕೊಳ್ಳುತ್ತದೆ. ಅಂತರ ಅದಕ್ಕಿಂತ ಬಹಳ ಬೆಳೆದರೆ ಹಿಂದೆ ಬಂದದ್ದು ಮುಂದೆ ಬಂದದ್ದನ್ನು ಕೆಡಿಸುತ್ತದೆ. 1990ರ ದಶಕದಿಂದೀಚೆಗೆ, ಫ್ರಾನ್ಸಿನ ಕ್ರಿಸ್ಟಿಯನ್ ಹೇಲ್ ಅವರ ಕೆಲಸದ ತರುವಾಯ, ದೊಡ್ಡ ಸಮ್ಮೇಳನಗಳ ವೇದಿಕೆಯ ಇಕ್ಕೆಲದಲ್ಲಿ ಬಾಗಿದ ಬಾಳೆಗೊನೆಯಂತೆ ತೂಗುವ ಪೆಟ್ಟಿಗೆಗಳ ಸಾಲನ್ನು ತಾವು ನೋಡಿರಬಹುದು. ಅದು ಆ ಹಳೆಯ ಕಂಬದ ಮೊಮ್ಮಗು.

ಇಷ್ಟನ್ನು ತಿಳಿದ ಮೇಲೆ ನಮ್ಮ ವಾರ್ಷಿಕೋತ್ಸವದ ದೋಷ ಕಣ್ಣಿಗೆ ಕಟ್ಟಿತು. ಅಜ್ಜಿ ಕುಳಿತ ಜಾಗಕ್ಕೆ ಚಪ್ಪರದ ನಡುವಿನ ಪೆಟ್ಟಿಗೆ ಸುಮಾರು 20 ಅಡಿ. ವೇದಿಕೆಯದು 90 ಅಡಿ. ಅಂತರ 70 ಅಡಿ. ಕಾಲದಲ್ಲಿ ಸೆಕೆಂಡಿನ ಸಾವಿರದ ಅರವತ್ತು ಪಾಲು. ಒಂದು ಅಕ್ಷರದ ತಲೆ ಹಿಂದಿನ ಅಕ್ಷರದ ಬಾಲದ ಮೇಲೆ ಕುಳಿತಿತ್ತು. ಹದಿನೆಂಟು ಕಂಠಗಳಲ್ಲಿ ಒಂದೊಂದೂ ಚೆನ್ನಾಗಿಯೇ ಇದ್ದಿರಬೇಕು. ಆದರೆ ಹದಿನೆಂಟೂ ಸೇರಿ ಒಬ್ಬ ಹುಡುಗಿಯ ದನಿಯಾಗಲಿಲ್ಲ.

ನಮ್ಮ ಮೃದಂಗಕ್ಕೂ ಎರಡು ಮುಖ. ಎಡದ್ದು ತಗ್ಗು, ಬಲದ್ದು ಎತ್ತರ. ಎಷ್ಟು ಮುಖವೆಂದು ಯಾರೂ ಎಣಿಸುವುದಿಲ್ಲ. ಶ್ರುತಿ ಸೇರಿದೆಯೆ ಎಂದು ಕೇಳುತ್ತೇವೆ. ಆದ್ದರಿಂದ ತಾವು ಮನೆಗೋ ಸಭೆಗೋ ಧ್ವನಿವರ್ಧಕವನ್ನು ಆರಿಸುವಾಗ ಪೆಟ್ಟಿಗೆಯ ರಂಧ್ರಗಳನ್ನು ಎಣಿಸಬೇಡಿ. ಪರಿಚಿತರ ಮಾತೊಂದನ್ನು ಅದರಲ್ಲಿ ಕೇಳಿ. ಎದುರಿಗೆ ಕುಳಿತು ಕೇಳಿ, ಪಕ್ಕಕ್ಕೆ ಸರಿದು ಕೇಳಿ. ಎರಡು ಪೆಟ್ಟಿಗೆಗಳಿದ್ದರೆ ಎರಡರ ತಂತಿಗಳನ್ನೂ ಒಂದೇ ಕ್ರಮದಲ್ಲಿ ಜೋಡಿಸಿದೆಯೆ ನೋಡಿ. ಒಂದು ತಿರುವುಮುರುವಾದರೆ ತಗ್ಗು ನಾದ ಸೊರಗಿಹೋಗುತ್ತದೆ. ಸಭೆಯಾದರೆ, ಆರಂಭಕ್ಕೆ ಮೊದಲು ಕೊನೆಯ ಸಾಲಿನಲ್ಲಿ ಒಬ್ಬರನ್ನು ಕೂರಿಸಿ, ‘ತಿಳಿಯಿತೆ?’ ಎಂದು ಕೇಳಿ; ‘ಕೇಳಿಸಿತೆ?’ ಎಂದಲ್ಲ.

ಮರುವರ್ಷ ನಾವು ಮಾಡಿದ್ದು ಇಷ್ಟೇ. ಚಪ್ಪರದ ನಡುವಿನ ಪೆಟ್ಟಿಗೆಗಳನ್ನು ಬಿಟ್ಟೆವು. ಮೈಕ್ ಸೆಟ್ಟಿನ ಹುಡುಗ ವೇದಿಕೆಯ ಇಕ್ಕೆಲದಲ್ಲಿ ಒಂದೊಂದೇ ಪೆಟ್ಟಿಗೆಯನ್ನು ಎತ್ತರಕ್ಕೆ ಕಟ್ಟಿ, ಹಿಂದಿನ ಸಾಲಿನತ್ತ ಬಾಗಿಸಿದ. ಆ ಹುಡುಗಿ ಮತ್ತೆ ಭಾರತ ಓದಿದಳು. ಅಜ್ಜಿಯೂ ಬಂದಿದ್ದರು. ಈ ಸಲ ಅವರು ಸದ್ದಿನ ಮಾತೇ ಎತ್ತಲಿಲ್ಲ. “ಅಲ್ಲ ಮೇಷ್ಟ್ರೇ, ಕೃಷ್ಣ ಅಷ್ಟು ಕರೆದರೂ ಕರ್ಣ ಯಾಕೆ ಪಾಂಡವರ ಕಡೆಗೆ ಹೋಗಲಿಲ್ಲ?” ಎಂದು ಕೇಳಿದರು. ನಾನು ಅವರ ಪಕ್ಕದಲ್ಲಿಯೇ ಕುರ್ಚಿ ಎಳೆದುಕೊಂಡು ಕುಳಿತೆ.